ಕುದುರೆ ರೇಸಿನ ಬಾಜಿಗಳು: ಟಿಕೆಟ್ ಕೊಳ್ಳುವ ಮೊದಲು ತಿಳಿಯಬೇಕಾದದ್ದು

ಕುದುರೆ ಬಾಲಕ್ಕೆ ಹಣ ಕಟ್ಟುವವರು ಯಾವ ಕುದುರೆ ಎಂಬುದನ್ನು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಯಾವ ಬಾಜಿ ಎಂಬುದನ್ನು ಮಾತ್ರ ಕೌಂಟರಿನ ಮುಂದೆ ನಿಂತು ಅರೆಕ್ಷಣದಲ್ಲಿ ತೀರ್ಮಾನಿಸಿಬಿಡುತ್ತಾರೆ. ಒಂದೇ ಕುದುರೆಯನ್ನು ನಂಬಿದ ಇಬ್ಬರಲ್ಲಿ ಒಬ್ಬರು ಹಣ ಎಣಿಸಿಕೊಳ್ಳುವಾಗ ಇನ್ನೊಬ್ಬರು ಬರಿಗೈಯಲ್ಲಿ ಮರಳುವುದಕ್ಕೆ ಎಷ್ಟೋ ಸಲ ಈ ಎರಡನೆಯ ತೀರ್ಮಾನವೇ ಕಾರಣವಾಗಿರುತ್ತದೆ. ಪ್ರತಿಯೊಂದು ಬಾಜಿಯೂ ಒಂದು ಪ್ರಶ್ನೆಯಿದ್ದಂತೆ. ಈ ಕುದುರೆ ಗೆಲ್ಲುತ್ತದೆಯೇ ಎಂಬುದು ಒಂದು ಪ್ರಶ್ನೆ; ಮೊದಲ ಮೂರರೊಳಗೆ ಬರುತ್ತದೆಯೇ ಎಂಬುದು ಇನ್ನೊಂದು; ಮೊದಲ ನಾಲ್ಕು ಕುದುರೆಗಳು ಯಾವ ಕ್ರಮದಲ್ಲಿ ಗುರಿಗಂಬ ದಾಟುತ್ತವೆ ಎಂಬುದು ಬೇರೆಯೇ ಒಂದು. ಪ್ರಶ್ನೆ ಬಿಗಿಯಾದಷ್ಟೂ ಸಿಗುವ ಹಣ ಹೆಚ್ಚುತ್ತದೆ, ಸರಿಯುತ್ತರದ ಸಾಧ್ಯತೆ ಕುಗ್ಗುತ್ತದೆ. ಟಿಕೆಟ್ಟು ಯಾವ ಪ್ರಶ್ನೆ ಕೇಳುತ್ತಿದೆ, ಅದಕ್ಕೆ ಎಷ್ಟು ಹಣ ಕಟ್ಟಬೇಕಾಗುತ್ತದೆ ಎಂಬೆರಡನ್ನೂ ಹಣ ಕೊಡುವ ಮೊದಲೇ ಲೆಕ್ಕ ಹಾಕಲು ಬರಬೇಕು. ಆ ಲೆಕ್ಕ ಕಷ್ಟದ್ದೇನಲ್ಲ. ಯಾವ ದೇಶದ ಹಣಕ್ಕೂ ಒಗ್ಗಲೆಂದು ಇಲ್ಲಿನ ಉದಾಹರಣೆಗಳನ್ನು ನಾಣ್ಯಗಳ ಲೆಕ್ಕದಲ್ಲಿ ಕೊಟ್ಟಿದ್ದೇನೆ.

ಹಣ ಬರುವ ದಾರಿ

ಗೆದ್ದವರಿಗೆ ಕೊಡುವ ಹಣ ಎರಡು ದಾರಿಗಳಿಂದ ಬರುತ್ತದೆ. ಜನರಿಂದ ಬಾಜಿ ಕಟ್ಟಿಸಿಕೊಳ್ಳುವ ಬುಕ್‌ಮೇಕರ್ ತಾನೇ ಒಂದು ದರ ಹೇಳುತ್ತಾನೆ. 1ಕ್ಕೆ 8 ಎಂದು ಅವನು ಹೇಳಿದಾಗ ನೀವು ಒಪ್ಪಿ ಹಣ ಕಟ್ಟಿದರೆ, ಆಮೇಲೆ ದರ ಏರಲಿ ಇಳಿಯಲಿ, ನಿಮ್ಮ ಮಟ್ಟಿಗೆ ಅದೇ ದರ ನಿಲ್ಲುತ್ತದೆ. ಕುದುರೆ ಗೆದ್ದರೆ ಕಟ್ಟಿದ ಪ್ರತಿ ನಾಣ್ಯಕ್ಕೆ 8 ನಾಣ್ಯ ಲಾಭ, ಜೊತೆಗೆ ಕಟ್ಟಿದ ನಾಣ್ಯವೂ ವಾಪಸ್. ಟೋಟ್ ಪದ್ಧತಿಯಲ್ಲಿ ಹಾಗಲ್ಲ. ಒಂದು ಬಗೆಯ ಬಾಜಿಗೆ ಎಲ್ಲರೂ ಕಟ್ಟಿದ ಹಣ ಒಂದೇ ನಿಧಿಗೆ ಸೇರುತ್ತದೆ, ಅದರಿಂದ ತೆರಿಗೆ ಮತ್ತು ಖರ್ಚಿನ ಪಾಲನ್ನು ಮುರಿದುಕೊಳ್ಳುತ್ತಾರೆ, ಉಳಿದದ್ದನ್ನು ಗೆದ್ದ ಟಿಕೆಟ್ಟುಗಳಿಗೆ ಹಂಚುತ್ತಾರೆ. ಈ ಪದ್ಧತಿಯನ್ನು 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೋಸೆಫ್ ಓಲೆರ್ ರೂಪಿಸಿದರು. ಅದರ ಲೆಕ್ಕವನ್ನು ತಾನೇ ಕೂಡುವ ಜಾರ್ಜ್ ಜೂಲಿಯಸ್ ಅವರ ಯಂತ್ರ 1913ರಲ್ಲಿ ನ್ಯೂಜಿಲೆಂಡಿನ ಎಲ್ಲರ್ಸ್‌ಲಿ ರೇಸ್‌ಕೋರ್ಸಿನಲ್ಲಿ ಮೊದಲು ಕೆಲಸಕ್ಕೆ ಬಂತು.

ಉದಾಹರಣೆಗೆ, ವಿನ್ ನಿಧಿಗೆ, ಅಂದರೆ ಕುದುರೆ ಮೊದಲು ಬರುತ್ತದೆಂದು ಕಟ್ಟುವ ಬಾಜಿಯ ನಿಧಿಗೆ, 10,000 ನಾಣ್ಯ ಬಂದಿದೆ, ಶೇ. 20 ಮುರಿದುಕೊಂಡರು ಎಂದುಕೊಳ್ಳಿ. ಹಂಚಲು ಉಳಿದದ್ದು 8,000. ಎಲ್ಲರೂ ನಂಬಿದ ಫೇವರಿಟ್ ಕುದುರೆಯ ಮೇಲೆ 4,000 ನಾಣ್ಯ ಬಿದ್ದಿದ್ದು ಅದೇ ಗೆದ್ದರೆ, ನಾಣ್ಯಕ್ಕೆ 2 ನಾಣ್ಯ ಸಿಗುತ್ತದೆ, ಅದರಲ್ಲಿ ನಿಮ್ಮ ಸ್ವಂತ ನಾಣ್ಯವೂ ಸೇರಿದೆ. ಕೇವಲ 200 ನಾಣ್ಯ ಬಿದ್ದಿದ್ದ ಕುದುರೆ ಗೆದ್ದರೆ ನಾಣ್ಯಕ್ಕೆ 40. ಅಂದರೆ ಟೋಟ್‌ನಲ್ಲಿ ನೀವು ಆಡುತ್ತಿರುವುದು ನಿಮ್ಮಂತೆಯೇ ಟಿಕೆಟ್ ಕೊಂಡವರ ಎದುರು. ಫಲಕದಲ್ಲಿ ತೋರುವ ದರ ಬಾಜಿ ಮುಚ್ಚುವವರೆಗೂ ಬದಲಾಗುತ್ತಲೇ ಇರುತ್ತದೆ.

ಬುಕ್‌ಮೇಕರ್ ಕೂಡ ಪುಕ್ಕಟೆ ಕೆಲಸ ಮಾಡುವುದಿಲ್ಲ. ಅವನ ಪಾಲು ದರದೊಳಗೇ ಅಡಗಿರುತ್ತದೆ. ದರಕ್ಕೆ 1 ಕೂಡಿಸಿ, ಬಂದ ಸಂಖ್ಯೆಯಿಂದ 100ನ್ನು ಭಾಗಿಸಿದರೆ ಆ ದರ ಸೂಚಿಸುವ ಶೇಕಡಾ ಸಾಧ್ಯತೆ ದೊರೆಯುತ್ತದೆ. ಮೂರೇ ಕುದುರೆಗಳ ಓಟದಲ್ಲಿ ದರಗಳು 1ಕ್ಕೆ 1, 1ಕ್ಕೆ 2, 1ಕ್ಕೆ 3 ಎಂದಿದ್ದರೆ ಸಾಧ್ಯತೆಗಳು ಶೇ. 50, ಶೇ. 33.3 ಮತ್ತು ಶೇ. 25, ಕೂಡಿದರೆ 108.3. ನೂರನ್ನು ಮೀರಿದ ಆ 8.3ರಲ್ಲೇ ಅವನ ಲಾಭವಿದೆ. ಟೋಟ್ ಇರಲಿ, ಬುಕ್‌ಮೇಕರ್ ಇರಲಿ, ಆಡುವವರೆಲ್ಲರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಟ್ಟಿದ ಹಣಕ್ಕಿಂತ ಮರಳುವ ಹಣ ಕಡಿಮೆಯೇ. ಆದ್ದರಿಂದ ಮನೆಖರ್ಚಿನ ಹಣವಾಗಲಿ ಸಾಲದ ಹಣವಾಗಲಿ ಇಲ್ಲಿಗೆ ಬರಲೇಬಾರದು. ಹೋದರೂ ಪರವಾಗಿಲ್ಲ ಎನ್ನುವಷ್ಟನ್ನು ಮೊದಲೇ ಎತ್ತಿಟ್ಟು, ಅದು ಮುಗಿದಲ್ಲಿಗೆ ನಿಲ್ಲಿಸಬೇಕು.

ಎರಡು ದಾರಿಗಳ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಕುದುರೆಗಳು ಬೇಲಿಗಳನ್ನು ಹಾರುತ್ತ ಓಡುವ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್‌ನ 1967ರ ರೇಸಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಪ್ಪತ್ತಮೂರನೆಯ ಬೇಲಿಯ ಎದುರು ಸವಾರನಿಲ್ಲದ ಕುದುರೆಯೊಂದು ಅಡ್ಡ ತಿರುಗಿತು. ಹಿಂದೆ ಬರುತ್ತಿದ್ದ ಕುದುರೆಗಳು ಒಂದಕ್ಕೊಂದು ಡಿಕ್ಕಿಯಾಗಿ ನಿಂತವು, ಬಿದ್ದವು, ಜಾಕಿಗಳು ನೆಲಕ್ಕೆ ಉರುಳಿದರು. ಬಹಳ ಹಿಂದೆ ಉಳಿದಿದ್ದ ಫಾಯ್ನವನ್ ಎಂಬ ಕುದುರೆಗೆ ಆ ಗುಂಪಿನ ನಡುವೆ ಒಂದು ಸಂದು ಕಂಡಿತು. ಜಾಕಿ ಜಾನ್ ಬಕಿಂಗ್‌ಹ್ಯಾಮ್ ಅದನ್ನು ಅಲ್ಲಿಂದಲೇ ಹಾರಿಸಿ, ಮುಂದೆ ಯಾರ ಕೈಗೂ ಸಿಗದೆ ಗೆದ್ದರು. ಬುಕ್‌ಮೇಕರ್‌ಗಳ ದರ 1ಕ್ಕೆ 100 ಇತ್ತು. ಟೋಟ್‌ನಲ್ಲಿ ಅದನ್ನು ನಂಬಿದವರು ಅತಿ ಕಡಿಮೆ ಇದ್ದುದರಿಂದ ಅಲ್ಲಿ 1ಕ್ಕೆ 444 ಸಿಕ್ಕಿತು.

ಒಂದೇ ಕುದುರೆಯ ಬಾಜಿಗಳು

ವಿನ್ ಎಂದರೆ ಕುದುರೆ ಮೊದಲು ಬರಬೇಕು, ಅಷ್ಟೆ. ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ತಪ್ಪಿದರೆ ಎಲ್ಲಿ ತಪ್ಪಿತು ಎಂಬುದು ಸ್ಪಷ್ಟವಾಗಿ ಗೊತ್ತಾಗುವ ಬಾಜಿ ಇದೊಂದೇ.

ಪ್ಲೇಸ್ ಎಂಬ ಪದದಲ್ಲಿ ಒಂದು ತೊಡಕಿದೆ. ಅಮೆರಿಕದಲ್ಲಿ ಪ್ಲೇಸ್ ಎಂದರೆ ಮೊದಲ ಎರಡರೊಳಗೆ, ಶೋ ಎಂದರೆ ಮೊದಲ ಮೂರರೊಳಗೆ. ಬ್ರಿಟನ್ನಿನ ಪದ್ಧತಿಯಲ್ಲಿ ಶೋ ಎಂಬುದಿಲ್ಲ. ಎಷ್ಟು ಕುದುರೆಗಳು ಓಡುತ್ತವೆ ಎಂಬುದರ ಮೇಲೆ ಪ್ಲೇಸ್ ಎರಡಕ್ಕೋ ಮೂರಕ್ಕೋ ನಾಲ್ಕಕ್ಕೋ ನಿಗದಿಯಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲು ಈ ರೇಸಿನಲ್ಲಿ ಪ್ಲೇಸ್ ಎಷ್ಟು ಕುದುರೆಗಳಿಗೆ ಎಂದು ಕೇಳಿಕೊಳ್ಳಲೇಬೇಕು. ಪ್ಲೇಸ್ ನಿಧಿಯನ್ನು ಹಲವು ಕುದುರೆಗಳ ನಡುವೆ ಪಾಲು ಮಾಡುವುದರಿಂದ ಬರುವ ಹಣ ಸಣ್ಣದು. ಪಾಲು ಹಾಕುವ ಒಂದು ಸರಳ ಕ್ರಮದಲ್ಲಿ, ಹಂಚಲು 6,000 ನಾಣ್ಯ ಉಳಿದಿದ್ದು ಮೂರು ಕುದುರೆಗಳಿಗೆ ತಲಾ 2,000 ಬಂದರೆ, 1,600 ನಾಣ್ಯ ಬಿದ್ದಿದ್ದ ಫೇವರಿಟ್‌ಗೆ ನಾಣ್ಯಕ್ಕೆ 1.25 ಸಿಗುತ್ತದೆ, 250 ನಾಣ್ಯ ಬಿದ್ದಿದ್ದ ಕುದುರೆಗೆ 8. ಫೇವರಿಟ್ ಕುದುರೆಯನ್ನು ಪ್ಲೇಸ್ ಆಡುವುದು ಸುರಕ್ಷಿತ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ನಾಲ್ಕು ಸಲ ಗೆದ್ದು ಕೂಡಿಸಿದ ಲಾಭ ಒಂದೇ ಸೋಲಿಗೆ ಹೋಗುವಂಥ ಸುರಕ್ಷತೆ ಅದು.

ಈಚ್‌-ವೇ ಬಾಜಿಯನ್ನು ತಪ್ಪು ತಿಳಿದವರೇ ಹೆಚ್ಚು. ಅದು ಒಂದೇ ಬಾಜಿಯಂತೆ ಕಂಡರೂ ವಾಸ್ತವದಲ್ಲಿ ವಿನ್ ಒಂದು, ಪ್ಲೇಸ್ ಒಂದು, ಹೀಗೆ ಎರಡು ಬಾಜಿಗಳು. 10 ನಾಣ್ಯದ ಈಚ್‌-ವೇ ಎಂದರೆ ಕಟ್ಟಬೇಕಾದದ್ದು 20. ಪ್ಲೇಸ್ ಭಾಗಕ್ಕೆ ಬುಕ್‌ಮೇಕರ್ ವಿನ್ ದರದ ಐದನೇ ಒಂದು ಅಥವಾ ನಾಲ್ಕನೇ ಒಂದು ಪಾಲಿನ ದರ ಕೊಡುತ್ತಾನೆ. ದರ 1ಕ್ಕೆ 8, ಪ್ಲೇಸಿಗೆ ಐದನೇ ಒಂದು ಎಂದಿಟ್ಟುಕೊಳ್ಳೋಣ. ಕುದುರೆ ಗೆದ್ದರೆ ವಿನ್ ಭಾಗದಿಂದ 90, ಪ್ಲೇಸ್ ಭಾಗದಿಂದ 26, ಒಟ್ಟು 116 ಕೈಗೆ ಬರುತ್ತದೆ. ಎರಡನೆಯದಾಗಿ ಬಂದರೆ 26 ಮಾತ್ರ. ಕಟ್ಟಿದ್ದು 20 ಆದ್ದರಿಂದ ಉಳಿದದ್ದು 6. ಅದೇ ಕುದುರೆಯ ದರ 1ಕ್ಕೆ 2 ಆಗಿದ್ದರೆ ಎರಡನೆಯ ಸ್ಥಾನಕ್ಕೆ ಸಿಗುವುದು 14 ಮಾತ್ರ, ಅಂದರೆ ಪ್ಲೇಸ್ ಗೆದ್ದೂ 6 ನಾಣ್ಯ ನಷ್ಟ. ಐದನೇ ಒಂದರ ಲೆಕ್ಕದಲ್ಲಿ ದರ 1ಕ್ಕೆ 5 ಇದ್ದಾಗ ಕಟ್ಟಿದ್ದು ಕಟ್ಟಿದಷ್ಟೇ ವಾಪಸ್ ಬರುತ್ತದೆ; ಅದಕ್ಕಿಂತ ಕೆಳಗಿನ ದರದ ಕುದುರೆಗೆ ಈಚ್‌-ವೇ ಆಡುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಕ್ರಮ ಹೇಳುವ ಬಾಜಿಗಳು

ಕ್ವಿನೆಲ್ಲಾದಲ್ಲಿ ಮೊದಲ ಎರಡು ಕುದುರೆಗಳನ್ನು ಹೆಸರಿಸಬೇಕು, ಯಾವುದು ಮುಂದೆ ಯಾವುದು ಹಿಂದೆ ಎಂಬುದು ಲೆಕ್ಕಕ್ಕಿಲ್ಲ. ಎಕ್ಸಾಕ್ಟಾದಲ್ಲಿ ಕ್ರಮವೂ ಸರಿಯಾಗಿರಬೇಕು. ಟ್ರೈಫೆಕ್ಟಾ ಮೊದಲ ಮೂರನ್ನು, ಸೂಪರ್‌ಫೆಕ್ಟಾ ಮೊದಲ ನಾಲ್ಕನ್ನು ಕ್ರಮವಾಗಿ ಕೇಳುತ್ತದೆ. ಹನ್ನೆರಡು ಕುದುರೆಗಳ ಓಟದಲ್ಲಿ ಕ್ವಿನೆಲ್ಲಾಕ್ಕೆ 66 ಉತ್ತರಗಳು ಸಾಧ್ಯ, ಎಕ್ಸಾಕ್ಟಾಕ್ಕೆ 132, ಟ್ರೈಫೆಕ್ಟಾಕ್ಕೆ 1,320, ಸೂಪರ್‌ಫೆಕ್ಟಾಕ್ಕೆ 11,880. ಒಂದೊಂದೇ ಕುದುರೆ ಸೇರಿದಂತೆ ಬೆಟ್ಟ ಎಷ್ಟು ಕಡಿದಾಗುತ್ತದೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಕ್ರಮ ಖಚಿತವಿಲ್ಲದಾಗ ಆಯ್ದ ಕುದುರೆಗಳನ್ನು ಬಾಕ್ಸ್ ಮಾಡುವುದುಂಟು: ಅವು ಯಾವ ಕ್ರಮದಲ್ಲಿ ಬಂದರೂ ಟಿಕೆಟ್ ಗೆಲ್ಲುತ್ತದೆ. ಆದರೆ ಪ್ರತಿ ಕ್ರಮಕ್ಕೂ ಹಣ ಕಟ್ಟಿರುತ್ತೀರಿ. ಮೂರು ಕುದುರೆಗಳ ಎಕ್ಸಾಕ್ಟಾ ಬಾಕ್ಸ್ 6 ಬಾಜಿಗಳಿಗೆ ಸಮ, ನಾಲ್ಕು ಕುದುರೆಗಳ ಟ್ರೈಫೆಕ್ಟಾ ಬಾಕ್ಸ್ 24ಕ್ಕೆ, ಐದರದ್ದು 60ಕ್ಕೆ. ಇವುಗಳಲ್ಲಿ ಗೆಲ್ಲುವುದು ಒಂದೇ. ಒಂದು ಕುದುರೆ ಗೆದ್ದೇ ಗೆಲ್ಲುತ್ತದೆ ಎಂಬ ನಂಬಿಕೆಯಿದ್ದರೆ ಅದನ್ನು ಮೊದಲ ಸ್ಥಾನಕ್ಕೆ ಕಟ್ಟಿಹಾಕಿ, ಉಳಿದ ನಾಲ್ಕನ್ನು ಎರಡನೆಯ ಮತ್ತು ಮೂರನೆಯ ಸ್ಥಾನಗಳಿಗೆ ಇಟ್ಟರೆ 12 ಬಾಜಿಗಳಲ್ಲಿ ಕೆಲಸ ಮುಗಿಯುತ್ತದೆ. ಐದೂ ಕುದುರೆಗಳು ಮನಸ್ಸಿನಲ್ಲಿರುವವರು 60ರ ಬದಲು ಈ 12ರ ದಾರಿಯನ್ನು ಮೊದಲು ಯೋಚಿಸಬೇಕು. ಯಾವ ಕುದುರೆಯನ್ನು ನಿಜಕ್ಕೂ ನಂಬಿದ್ದೇವೆ ಎಂಬುದನ್ನು ಅದು ನಮ್ಮಿಂದಲೇ ಹೇಳಿಸುತ್ತದೆ.

ಅಮೆರಿಕದ ಹೆಸರಾಂತ ರೇಸಾದ ಕೆಂಟಕಿ ಡರ್ಬಿಯಲ್ಲಿ 2022ರಲ್ಲಿ ಇಪ್ಪತ್ತು ಕುದುರೆಗಳು ಓಡಿದವು. ಹಿಂದಿನ ದಿನ ಮತ್ತೊಂದು ಕುದುರೆ ಹಿಂದೆ ಸರಿದದ್ದರಿಂದ ಜಾಗ ಪಡೆದ ರಿಚ್ ಸ್ಟ್ರೈಕ್ 1ಕ್ಕೆ 80ರ ದರದಲ್ಲಿ ಗೆದ್ದಿತು. ಫೇವರಿಟ್ ಎಪಿಸೆಂಟರ್ ಎರಡನೆಯದಾಯಿತು. 1 ಡಾಲರಿನ ಸೂಪರ್‌ಫೆಕ್ಟಾಕ್ಕೆ 3 ಲಕ್ಷ 21 ಸಾವಿರ ಡಾಲರಿಗೂ ಮೀರಿ ಬಂತು. ಕೇಳಿದರೆ ಆಸೆ ಹುಟ್ಟುವುದು ಸಹಜ. ಅದರ ಜೊತೆಯಲ್ಲೇ ಆ ರೇಸಿನಲ್ಲಿ ಮೊದಲ ನಾಲ್ಕು ಸ್ಥಾನಗಳಿಗೆ 1,16,280 ಕ್ರಮಗಳು ಸಾಧ್ಯವಿದ್ದವು ಎಂಬುದನ್ನೂ ಇಟ್ಟು ನೋಡಬೇಕು.

ಹಲವು ರೇಸುಗಳನ್ನು ಕೂಡಿಸುವ ಬಾಜಿಗಳು

ಡಬಲ್, ಟ್ರೆಬಲ್‌ಗಳಲ್ಲಿ ಎರಡು ಅಥವಾ ಮೂರು ರೇಸುಗಳ ವಿಜೇತರನ್ನು ಹೇಳಬೇಕು. ಬುಕ್‌ಮೇಕರ್ ಬಳಿ ಮೊದಲ ಗೆಲುವಿನ ಹಣವೆಲ್ಲ ಮುಂದಿನ ಕುದುರೆಯ ಮೇಲೆ ಹೋಗುವುದರಿಂದ ಲೆಕ್ಕ ಗುಣಾಕಾರದ್ದು: 1ಕ್ಕೆ 2 ಮತ್ತು 1ಕ್ಕೆ 3ರ ಎರಡು ಕುದುರೆಗಳೂ ಗೆದ್ದರೆ ಒಂದು ನಾಣ್ಯ ಮೊದಲು 3 ಆಗಿ, ಆ 3 ಮುಂದೆ 12 ಆಗುತ್ತದೆ, ಕಟ್ಟಿದ ನಾಣ್ಯವೂ ಅದರಲ್ಲೇ ಸೇರಿದೆ. ಒಂದು ಸೋತರೂ ಏನೂ ಇಲ್ಲ. ಯಾಂಕಿ ಎಂಬ ಬಾಜಿ ನಾಲ್ಕು ಕುದುರೆಗಳಿಂದ ಹೊರಡುವ 6 ಡಬಲ್, 4 ಟ್ರೆಬಲ್ ಮತ್ತು ನಾಲ್ಕೂ ಸೇರಿದ ಒಂದನ್ನು ಒಟ್ಟುಗೂಡಿಸುತ್ತದೆ, ಹೀಗಾಗಿ ಕಟ್ಟಬೇಕಾದದ್ದು 11 ಪಟ್ಟು.

ಟೋಟ್‌ನ ಪಿಕ್ ಸಿಕ್ಸ್, ಜಾಕ್‌ಪಾಟ್‌ಗಳಲ್ಲಿ ಸಾಲಾಗಿ ಬರುವ ಹಲವು ರೇಸುಗಳ ವಿಜೇತರು ಬೇಕು. ಪೂರ್ತಿ ಸರಿ ಹೇಳಿದವರು ಯಾರೂ ಇಲ್ಲದಿದ್ದರೆ ನಿಧಿಯ ಹಣ ಅಥವಾ ಅದರ ದೊಡ್ಡ ಪಾಲು ಮುಂದಿನ ದಿನಕ್ಕೆ ಸಾಗುತ್ತದೆ. ಇಂಥ ದಿನಗಳಲ್ಲಿ ಹಿಂದಿನವರ ಹಣವೂ ನಿಧಿಯಲ್ಲಿರುವುದರಿಂದ ಆಡುವವರಿಗೆ ಲೆಕ್ಕ ತುಸು ಅನುಕೂಲವಾಗುತ್ತದೆ. ಆರು ರೇಸುಗಳಲ್ಲಿ ತಲಾ ಎರಡು ಕುದುರೆ ಆಯ್ದರೆ 64 ಬಾಜಿ, ತಲಾ ಮೂರಾದರೆ 729. ತಿಳಿದವರು ಎಲ್ಲ ರೇಸಿಗೂ ಸಮನಾಗಿ ಹಂಚುವುದಿಲ್ಲ. ಖಚಿತವೆನಿಸಿದ ಎರಡು ರೇಸುಗಳಲ್ಲಿ ಒಂದೊಂದೇ ಕುದುರೆ ಇಟ್ಟು, ಉಳಿದವುಗಳಲ್ಲಿ 2, 3, 3, 4 ಎಂದು ಹರಡಿದರೆ 72ರಲ್ಲಿ ಮುಗಿಯುತ್ತದೆ, ಗೊಂದಲದ ರೇಸುಗಳಿಗೆ ರಕ್ಷಣೆಯೂ ಸಿಗುತ್ತದೆ.

ಕೌಂಟರಿನಲ್ಲಿ, ಮತ್ತು ರೇಸಿನ ನಂತರ

ಟಿಕೆಟ್ ಕೇಳುವಾಗ ರೇಸಿನ ಸಂಖ್ಯೆ, ಹಣ, ಬಾಜಿಯ ಬಗೆ, ಕುದುರೆಯ ಸಂಖ್ಯೆ, ಇವನ್ನು ಈ ಕ್ರಮದಲ್ಲೇ ಹೇಳಿದರೆ ಗೊಂದಲ ಕಡಿಮೆ: ‘ಮೂರನೇ ರೇಸ್, ಹತ್ತು, ವಿನ್, ಏಳನೇ ನಂಬರ್.’ ಕೈಗೆ ಬಂದ ಟಿಕೆಟ್ಟನ್ನು ಕಿಟಕಿಯ ಬಳಿಯಲ್ಲೇ ಓದಿ ನೋಡಬೇಕು. ಓಟ ಶುರುವಾದ ಮೇಲೆ ತಿದ್ದಲು ಬರುವುದಿಲ್ಲ.

ಕುದುರೆ ಓಡದೆ ಹಿಂದೆ ಸರಿದರೆ ಟೋಟ್‌ನ ವಿನ್, ಪ್ಲೇಸ್ ಹಣ ಸಾಮಾನ್ಯವಾಗಿ ಮರಳುತ್ತದೆ. ಬುಕ್‌ಮೇಕರ್ ಬಳಿ ನಿಮ್ಮ ಕುದುರೆ ಓಡಿ ಗೆದ್ದರೂ, ದರ ಒಪ್ಪಿದ ಮೇಲೆ ಬೇರೊಂದು ಬಲವಾದ ಕುದುರೆ ಹಿಂದೆ ಸರಿದಿದ್ದರೆ ಲಾಭದಿಂದ ಒಂದು ಪಾಲು ಕಡಿತವಾಗಬಹುದು. ರೇಸಿಗೆ ವಾರಗಳ ಮೊದಲೇ ಹೆಚ್ಚಿನ ದರಕ್ಕೆ ಕಟ್ಟುವ ಬಾಜಿಗಳಲ್ಲಿ ಕುದುರೆ ಓಡದಿದ್ದರೂ ಹಣ ಹೋಯಿತೆಂದೇ ಲೆಕ್ಕ. ಎರಡು ಕುದುರೆಗಳು ಒಟ್ಟಿಗೆ ಗುರಿ ಮುಟ್ಟಿದರೆ, ಬುಕ್‌ಮೇಕರ್ ಕಟ್ಟಿದ ಹಣದ ಅರ್ಧಕ್ಕೆ ಪೂರ್ತಿ ದರ ಕೊಡುತ್ತಾನೆ: 1ಕ್ಕೆ 4ರ ದರದಲ್ಲಿ 10 ಕಟ್ಟಿದವರಿಗೆ 50ರ ಬದಲು 25.

ಕುದುರೆ ಹಿಂದೆ ಬಿತ್ತೆಂದು ಟಿಕೆಟ್ಟನ್ನು ಹರಿದೆಸೆಯುವ ಅಭ್ಯಾಸ ಮಾತ್ರ ಬೇಡ. 2019ರ ಕೆಂಟಕಿ ಡರ್ಬಿಯಲ್ಲಿ ಮ್ಯಾಕ್ಸಿಮಮ್ ಸೆಕ್ಯುರಿಟಿ ಮೊದಲು ಬಂದಿತ್ತು. ತಿರುವಿನಲ್ಲಿ ಅದು ಬೇರೆ ಕುದುರೆಗಳ ದಾರಿಗೆ ಅಡ್ಡ ಬಂದಿತ್ತೆಂದು ದೂರು ಬಂತು. ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ವೀಡಿಯೊ ನೋಡಿ ಅದನ್ನು ಹದಿನೇಳನೆಯ ಸ್ಥಾನಕ್ಕೆ ಇಳಿಸಿದರು. 1ಕ್ಕೆ 65ರ ಕಂಟ್ರಿ ಹೌಸ್ ವಿಜೇತ ಎಂದು ಘೋಷಣೆಯಾಯಿತು. ಫಲಿತಾಂಶ ಅಧಿಕೃತ ಎಂದು ಫಲಕದಲ್ಲಿ ಮೂಡುವವರೆಗೆ ಟಿಕೆಟ್ಟು ಜೇಬಿನಲ್ಲೇ ಇರಲಿ.