ಬೆಂಕಿಪೊಟ್ಟಣದಿಂದ ಶುರುವಾಗಲಿ ಡ್ರಾಯಿಂಗು

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವವಳು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಕ್ಕಳಿಗೆ ಸೆಟ್‌ಸ್ಕ್ವೇರ್ ಹಿಡಿಯುವುದನ್ನು ಬೇಗ ಕಲಿಸಬಹುದು. ಆದರೆ ಒಂದು ವಸ್ತು ಮೇಲಿನಿಂದ ಹೇಗೆ ಕಾಣುತ್ತದೆ ಅಂದರೆ ತಬ್ಬಿಬ್ಬಾಗುತ್ತಾರೆ. ಅದಕ್ಕೇ ಮಗಳಿಗೆ ಮನೆಯಲ್ಲೇ ಶುರುಮಾಡಿಸಿದೆ. ಎಂಟೊಂಬತ್ತು ವರ್ಷದ ಯಾವ ಮಗುವಿಗೂ ಬರುತ್ತದೆ.

ಎ4 ಹಾಳೆ, ಒಂದು ಎಚ್‌ಬಿ, ಒಂದು 2ಎಚ್ ಪೆನ್ಸಿಲ್, ಜಾಮೆಟ್ರಿ ಬಾಕ್ಸ್ ಸಾಕು. ಹಾಳೆಯ ನಾಲ್ಕೂ ಮೂಲೆಗೆ ಟೇಪು ಅಂಟಿಸಿ. ಸ್ಕೇಲಿನ ತುದಿಯಿಂದ ಅಳೆಯಲು ಬಿಡಬೇಡಿ, ಸೊನ್ನೆಯ ಗೆರೆಯಿಂದಲೇ ಅಳೆಯಲಿ.

ಇನ್ನೊಂದು ಹಾಳೆಯನ್ನು ನಡುವೆ ಮಡಚಿ, ಒಂದರ್ಧ ಗೋಡೆಗೆ ಆನಿಸಿ, ಇನ್ನರ್ಧ ಮೇಜಿನ ಮೇಲೆ ಹರಡಿ. ಅದರ ಮೇಲೆ ಬೆಂಕಿಪೊಟ್ಟಣ ಇಡಿ. ಮಗು ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಎದುರಿನಿಂದ ಕಂಡಷ್ಟನ್ನೇ ಗೋಡೆಯ ಭಾಗದಲ್ಲಿ ಬರೆಯಲಿ. ಪೊಟ್ಟಣದ ಮೇಲ್ಭಾಗವನ್ನೂ ಸೇರಿಸಿಯೇ ಸೇರಿಸುತ್ತದೆ. ತಿದ್ದಬೇಡಿ, ‘ಅದು ಈಗ ನಿಂಗೆ ಕಾಣ್ತಿದೆಯಾ ಪುಟ್ಟಾ?’ ಅಂತ ಕೇಳಿ. ಆಮೇಲೆ ನೆತ್ತಿಯ ಮೇಲಿಂದ ಕಂಡದ್ದು ಮೇಜಿನ ಭಾಗದಲ್ಲಿ. ಹಾಳೆ ಬಿಡಿಸಿದರೆ ಎದುರುನೋಟ ಮೇಲೆ, ಅದರ ನೇರ ಕೆಳಗೆ ಮೇಲ್ನೋಟ. ನಮ್ಮಲ್ಲಿ ಕಲಿಸುವ ಫಸ್ಟ್ ಆಂಗಲ್ ಪ್ರೊಜೆಕ್ಷನ್ ಅಂದರೆ ಇಷ್ಟೇ. ಅಮೆರಿಕದ ವಿಡಿಯೋಗಳಲ್ಲಿ ಮೇಲ್ನೋಟ ಮೇಲೇ ಇರುತ್ತದೆ, ಅದು ಥರ್ಡ್ ಆಂಗಲ್, ಸದ್ಯಕ್ಕೆ ತೋರಿಸಬೇಡಿ.

ಇದೇ ಎರಡು ನೋಟಗಳನ್ನು ಟೇಪು ಹಾಕಿದ ಹಾಳೆಯಲ್ಲಿ ಅಳತೆ ಹಿಡಿದು ಬರೆಸಿ. ಮೊದಲು 2ಎಚ್‌ನಲ್ಲಿ ತೆಳುವಾಗಿ, ಸರಿಯಾದ ಮೇಲೆ ಎಚ್‌ಬಿಯಲ್ಲಿ ದಪ್ಪಗೆ. ಎಳೆಯುವಾಗ ಪೆನ್ಸಿಲನ್ನು ಬೆರಳಲ್ಲಿ ನಿಧಾನ ತಿರುಗಿಸುತ್ತಿದ್ದರೆ ಗೆರೆ ಕೊನೆಯವರೆಗೂ ಒಂದೇ ದಪ್ಪ ಬರುತ್ತದೆ. ಕಡ್ಡಿ ಇಡುವ ಒಳಗಿನ ತಟ್ಟೆಯನ್ನು ಅರ್ಧ ಎಳೆದಿಟ್ಟು, ಹೊರಕವಚದೊಳಗೆ ಅವಿತ ಅಂಚಿಗೆ ತುಂಡುಗೆರೆ ಹಾಕಿಸಿ. ಕಾಣದ್ದನ್ನೂ ಬರೆಯಬಹುದು ಅಂತ ಗೊತ್ತಾದಾಗ ಮಕ್ಕಳಿಗೆ ಆಗುವ ಖುಷಿಯೇ ಬೇರೆ! ಅಳತೆಗಳು ಮಿಲಿಮೀಟರಿನಲ್ಲಿ, ಚಿತ್ರದ ಹೊರಗೆ.

ಅಂದಚೆಂದಕ್ಕೆ ಅಂಕ ಕೊಡಬೇಡಿ. ಹಾಳೆಯನ್ನು ಅಜ್ಜನ ಕೈಗೋ ಅಣ್ಣನ ಕೈಗೋ ಕೊಡಿ. ಏನೂ ಕೇಳದೆ ಅವರು ರಟ್ಟಿನಲ್ಲಿ ಅಷ್ಟೇ ದೊಡ್ಡ ಪೊಟ್ಟಣ ಮಾಡಿದರೆ ಡ್ರಾಯಿಂಗು ಪಾಸು.

ಮುಂದಿನದು ಮಲಗುವ ಕೋಣೆ, 1:50ರಲ್ಲಿ. ಮೀಟರಿಗೆ 2 ಸೆಂ.ಮೀ.; 3 ಮೀಟರ್ ಗೋಡೆ 6 ಸೆಂ.ಮೀ. ಆಗುತ್ತದೆ. ಕೋಣೆಯ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಸಿ. ಅವು ಸಮ ಬಾರದಿದ್ದರೆ ಮೂಲೆ ನೇರವಿಲ್ಲ ಅಂತ ಲೆಕ್ಕ, ಮೇಸ್ತ್ರಿ ಏನೇ ಹೇಳಲಿ. ಬಾಗಿಲು ತೆರೆಯುವ ಜಾಗವನ್ನು ಕೈವಾರದಿಂದ ಕಾಲುವೃತ್ತವಾಗಿ ತೋರಿಸಲಿ. ಮಂಚ, ಬೀರುಗಳನ್ನು ಅದೇ ಅಳತೆಯಲ್ಲಿ ರಟ್ಟಿನಲ್ಲಿ ಕತ್ತರಿಸಿ ನಕ್ಷೆಯ ಮೇಲೆ ಸರಿದಾಡಿಸಲಿ. ಬೀರುವಿನ ಬಾಗಿಲಿಗೂ ಕಾಲುವೃತ್ತ ಮರೆಯಬೇಡಿ. ಮಂಚವನ್ನು ಕಿಟಕಿಯ ಕಡೆ ಸರಿಸಿದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ ಅಂತ ನಮ್ಮ ಮನೆಯಲ್ಲಿ ಮೊದಲು ಕಂಡುಹಿಡಿದವಳು ಮಗಳೇ.