ನೀರಿನ ಮಾತ್ರೆ ಯಾಕೆ ಬಿಡುತ್ತಾರೆ? ಹಾರ್ಟ್ ಫೇಲ್ಯೂರ್ ರೋಗಿಗಳ ಜೊತೆ ನನ್ನ ಅನುಭವ

ಮಂಡ್ಯ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಎನ್‌ಸಿಡಿ ಕ್ಲಿನಿಕ್‌ಗೆ, ಅಂದರೆ ಅಂಟದ ಕಾಯಿಲೆಗಳ ಕ್ಲಿನಿಕ್‌ಗೆ, ಬಿಪಿ, ಶುಗರ್‌ನವರ ಜೊತೆ ಹಾರ್ಟ್ ಫೇಲ್ಯೂರ್ (ಹೃದಯ ಸರಿಯಾಗಿ ರಕ್ತ ಪಂಪ್ ಮಾಡಲಾಗದೆ ಮೈಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ) ಇರುವವರೂ ಬರುತ್ತಾರೆ. ಹೆಚ್ಚಿನವರು ಕೂಲಿಯವರು, ಮೈಸೂರಿನ ಜಯದೇವದಲ್ಲಿ ತೋರಿಸಿಕೊಂಡು ಚೀಟಿ ಹಿಡಿದು ಊರಿಗೆ ಬಂದವರು. ಅಡ್ಮಿಟ್ ಆಗಿ ನೀರು ಇಳಿಸಿಕೊಂಡು ಹೋಗುತ್ತಾರೆ, ಸ್ವಲ್ಪ ದಿನಕ್ಕೇ ಕಾಲು ಊದಿಕೊಂಡು, ಏದುಸಿರು ಬಿಡುತ್ತಾ ಮತ್ತೆ ಬರುತ್ತಾರೆ.

ಕೇಳಿದರೆ ಲಾಸಿಕ್ಸ್ ಬಿಟ್ಟಿರುತ್ತಾರೆ, ಅದೇ ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ನೀರಿನ ಮಾತ್ರೆ. ಮಾತ್ರೆ ಸಿಗಲಿಲ್ಲ ಅಂತಲ್ಲ. ನುಂಗಿದ ಒಂದು ಗಂಟೆಯೊಳಗೆ ಮೂತ್ರ ಶುರುವಾಗುತ್ತದೆ, ಸುಮಾರು ಆರು ಗಂಟೆ ಹಾಗೇ ಇರುತ್ತದೆ. ಕಳೆ ಕೀಳಲು ಹೋದ ಹೆಂಗಸು ಗದ್ದೆ ಬಯಲಲ್ಲಿ ಎಲ್ಲಿಗೆ ಹೋಗಬೇಕು? ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು ಎಷ್ಟು ಸಲ ಎದ್ದು ಹೋಗಬಹುದು? ಬಸ್ಸಿನಲ್ಲಿ ಬರುವ ದಿನವಂತೂ, ಅಂದರೆ ನಮ್ಮ ಹತ್ತಿರ ಬರುವ ದಿನವೇ, ಮಾತ್ರೆ ಬಂದ್. ಇದಕ್ಕೆ 'ರೋಗಿಗೆ ತಿಳುವಳಿಕೆ ಇಲ್ಲ' ಅಂತ ಬರೆದುಕೊಳ್ಳುವುದು ಅನ್ಯಾಯ ಅಲ್ವಾ? ಈಗ ನಾನು ಮೊದಲು ಕೇಳುವುದೇ ಕೆಲಸಕ್ಕೆ ಎಷ್ಟೊತ್ತಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ. ಆಮೇಲೆ ಡಾಕ್ಟರ್ ಹತ್ತಿರ ಮಾತಾಡಿ, ಅವರು ಒಪ್ಪಿದರೆ, ಬೆಳಗಿನ ಮಾತ್ರೆಯನ್ನು ಮನೆಗೆ ಬಂದ ಮೇಲೆ ಸಂಜೆ ನಾಲ್ಕಕ್ಕೆ ಹಾಕಿಸುತ್ತೇನೆ. ಇನ್ನೂ ತಡ ಮಾಡಿದರೆ ರಾತ್ರಿ ನಿದ್ದೆ ಇರುವುದಿಲ್ಲ.

ತೂಕ ದಿನಾ ನೋಡಬೇಕು, ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ನೀರು, ಕಾಯದೆ ಆಸ್ಪತ್ರೆಗೆ ಬರಬೇಕು. ಆದರೆ ಮನೆಯಲ್ಲಿ ತೂಕದ ಯಂತ್ರ ಯಾರ ಹತ್ತಿರ ಇದೆ? ಹತ್ತಿರದಲ್ಲೇ ಅಂಗನವಾಡಿ ಇದ್ದರೆ ಟೀಚರ್‌ಗೆ ಹೇಳಿ ಅಲ್ಲಿ ನೋಡಿಸಿಕೊಳ್ಳುತ್ತಾರೆ. ಅದೂ ಆಗದವರಿಗೆ ಉಡಿದಾರ ನೋಡಿಕೊಳ್ಳಿ ಅನ್ನುತ್ತೇನೆ. ಬಿಗಿಯಾಯಿತಾ, ಕಾಲುಂಗುರ ಒತ್ತುತ್ತಿದೆಯಾ, ಮೊಣಕಾಲ ಕೆಳಗಿನ ಮೂಳೆ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಾ, ನಿನ್ನೆ ಒಂದು ದಿಂಬಿಗೆ ಮಲಗಿದವರಿಗೆ ಇವತ್ತು ಎರಡು ಬೇಕಾಯಿತಾ. ತೂಕದಷ್ಟು ಕರಾರುವಾಕ್ಕಲ್ಲ, ಆದರೆ ಏನೂ ನೋಡದೆ ಕೂರುವುದಕ್ಕಿಂತ ಮೇಲು.

ಉಪ್ಪಿನ ವಿಷಯ. 'ಉಪ್ಪು ಕಡಿಮೆ ಮಾಡಿ' ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಏನೂ ಆಗುವುದಿಲ್ಲ. ಮನೆಗೆಲ್ಲ ಒಂದೇ ಪಾತ್ರೆ ಸಾರು, ಸೊಸೆ ಅಡುಗೆ ಮಾಡುವವಳು, ಅತ್ತೆ ರೋಗಿ. ಹಾಗಾಗಿ ಸೊಸೆಯನ್ನೇ ಕರೆಸಿ ಮಾತಾಡುತ್ತೇನೆ: ಸಾರಿಗೆ ಉಪ್ಪು ಹಾಕುವ ಮೊದಲೇ ಅತ್ತೆಯ ಪಾಲು ಬೇರೆ ತೆಗೆದಿಡಮ್ಮ, ಅದಕ್ಕೆ ಒಂದು ಚಿಟಿಕೆ ಸಾಕು, ನಿಂಬೆಹಣ್ಣು ಹಿಂಡು, ಬೆಳ್ಳುಳ್ಳಿ ಒಗ್ಗರಣೆ ಕೊಡು. ಮುದ್ದೆಗೆ ಹೇಗೂ ಉಪ್ಪು ಬೇಕಿಲ್ಲ, ಅದು ನಮ್ಮ ಪುಣ್ಯ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಡಲೇಬೇಕು. ಯಾರೋ ಹೇಳಿದರು ಅಂತ ಅಂಗಡಿಯ 'ಲೋ ಸೋಡಿಯಂ' ಉಪ್ಪು ತರುವುದು ಬೇಡ. ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ, ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಷಿಯಂ ಅನ್ನು ಮೈಯಲ್ಲೇ ಉಳಿಸುವ ಇನ್ನೊಂದು ನೀರಿನ ಮಾತ್ರೆ) ತಿನ್ನುವವರಿಗೆ ಅದು ಅಪಾಯ. ಎಳನೀರಿನಲ್ಲೂ ಪೊಟ್ಯಾಷಿಯಂ ಇದೆ, ದಿನಾ ಕುಡಿಯುವವರಿಗೂ ಇದೇ ಮಾತು.

ಡಾಕ್ಟರ್ ನೀರು ಇಷ್ಟೇ ಅಂತ ಹೇಳಿದ್ದರೆ, ಅಷ್ಟನ್ನು ಬೆಳಗ್ಗೆಯೇ ಬಾಟಲಿಗೆ ತುಂಬಿಸಿಡಿ. ಕಾಫಿ, ಮಜ್ಜಿಗೆ, ಗಂಜಿ ಏನು ಕುಡಿದರೂ ಅಷ್ಟು ನೀರು ಬಾಟಲಿಯಿಂದ ಚೆಲ್ಲಿ. ಅಕ್ಷರ ಬಾರದವರಿಗೂ ಈ ಲೆಕ್ಕ ಬರುತ್ತದೆ.

ದುಡ್ಡಿನ ಮಾತು ಹೇಳಲೇಬೇಕು. ಆಯುಷ್ಮಾನ್ ಕಾರ್ಡು ಅಡ್ಮಿಟ್ ಆದಾಗ ಕೈಹಿಡಿಯುತ್ತದೆ, ದಿನದ ಮಾತ್ರೆಗೆ ಅಲ್ಲ. ನಮ್ಮಲ್ಲಿ ಸ್ಟಾಕ್ ಇಲ್ಲದಿದ್ದರೆ ಜನೌಷಧಿ ಅಂಗಡಿಗೆ ಕಳಿಸುತ್ತೇನೆ, ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧದ ಹೆಸರು ಬರೆಸಿ. ಕೂಲಿ ಮಾಡಿ ಮೈಕೈ ನೋವು ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಳ್ಳುವವರು ಬಹಳ ಜನ. ಅವು ಮೈಯಲ್ಲಿ ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತವೆ. ನೋವಿದ್ದರೆ ಪ್ಯಾರಸಿಟಮಾಲ್ ಮಾತ್ರ, ಅದನ್ನೂ ಕೇಳಿ ತಗೊಳ್ಳಿ ಅಂತ ಚೀಟಿಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇನೆ, ಅಂಗಡಿಯವನಿಗೂ ಕಾಣಲಿ ಅಂತ.