ಸೊಂಟದುದ್ದ ನೀರಿಗೆ ಮೆಟಲ್ ಡಿಟೆಕ್ಟರ್: ನಾನು ಬಾಕ್ಸ್ ಕಟ್ಟಿದ ಬಗೆ

ನೆಲದ ಮೇಲೆ ಬಳಸುವ ಅನೇಕ ಡಿಟೆಕ್ಟರ್‌ಗಳಲ್ಲಿ ಕಾಯಿಲ್ (ಕೋಲಿನ ತುದಿಯಲ್ಲಿ ಲೋಹ ಹುಡುಕುವ ತಟ್ಟೆ) ಮುಳುಗಿದರೆ ತೊಂದರೆಯಿಲ್ಲ, ಎಲೆಕ್ಟ್ರಾನಿಕ್ಸ್ ಇರುವ ಕಂಟ್ರೋಲ್ ಬಾಕ್ಸ್ ಮಾತ್ರ ನೀರು ತಡೆಯದು. ಮೊಣಕಾಲುದ್ದದ ನೀರಿನಲ್ಲಿ ಅದು ಹೇಗೂ ಮೇಲೇ ಇರುತ್ತದೆ. ಅದಕ್ಕಿಂತ ಆಳಕ್ಕೆ ಇಳಿಯಲು ನಾನು ಅದನ್ನು ಕೋಲಿನಿಂದ ಬಿಚ್ಚಿ, ರಬ್ಬರ್ ಗ್ಯಾಸ್ಕೆಟ್ ಮತ್ತು ಪಾರದರ್ಶಕ ಮುಚ್ಚಳ ಇರುವ ಎಬಿಎಸ್ (ಗಟ್ಟಿ ಪ್ಲಾಸ್ಟಿಕ್) ಪೆಟ್ಟಿಗೆಯೊಳಗೆ ಕೂರಿಸಿ ಸೊಂಟದ ಪಟ್ಟಿಗೆ ಕಟ್ಟಿದೆ. ಗಾಳಿ ತುಂಬಿದ ಪೆಟ್ಟಿಗೆ ತೇಲುತ್ತದೆ: ಹೊರ ಅಳತೆ ಒಂದೂವರೆ ಲೀಟರ್, ಒಟ್ಟು ತೂಕ 600 ಗ್ರಾಂ ಆದರೆ ಸುಮಾರು 900 ಗ್ರಾಂ ಮೇಲಕ್ಕೆ ಒತ್ತುತ್ತದೆ. ಕೋಲಿನ ಮೇಲಿದ್ದರೆ ಆ ಒತ್ತಡವೆಲ್ಲ ಮಣಿಕಟ್ಟಿಗೆ ಬೀಳುತ್ತದೆ.

ಕಾಯಿಲ್ ಕೇಬಲ್ ಒಳಬರುವ ಜಾಗಕ್ಕೆ ಪಿಜಿ7 ಅಳತೆಯ ಕೇಬಲ್ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿದು ನೀರು ತಡೆಯುವ ಬಿಡಿಭಾಗ) ಹಾಕಿದೆ. ಇದು 3ರಿಂದ 6.5 ಮಿ.ಮೀ. ದಪ್ಪದ ಕೇಬಲ್ ಹಿಡಿಯುತ್ತದೆ, ತೂತು 12.5 ಮಿ.ಮೀ. ಪ್ಲಗ್ ಗ್ಲ್ಯಾಂಡ್‌ನಲ್ಲಿ ತೂರುವುದಿಲ್ಲ. ಹಾಗಾಗಿ ತಂತಿಗಳ ಫೋಟೊ ತೆಗೆದುಕೊಂಡು, ಪ್ಲಗ್ಗಿನ ಬೆಸುಗೆ ಬಿಡಿಸಿ, ಕೇಬಲ್ ತೂರಿಸಿ, ಅದೇ ಪಿನ್‌ಗಳಿಗೆ ಮತ್ತೆ ಬೆಸೆದೆ. ಶೀಲ್ಡ್ (ತಂತಿಗಳನ್ನು ಸುತ್ತಿರುವ ಲೋಹದ ಹೊದಿಕೆ) ಕೂಡ ಮೊದಲಿದ್ದ ಪಿನ್ನಿಗೇ ಹೋಗಬೇಕು. ಕೇಬಲ್ಲನ್ನು ಕತ್ತರಿಸಿ ಉದ್ದ ಮಾಡುವ ಆಸೆ ಬೇಡ. ಅದರ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಕಾಯಿಲ್ಲಿನ ಹೊಂದಾಣಿಕೆಯ ಭಾಗ. ಇನ್ನೊಂದು ಗ್ಲ್ಯಾಂಡ್ ಹೆಡ್‌ಫೋನ್ ತಂತಿಗೆ. ಬ್ಲೂಟೂತ್ ಹೆಡ್‌ಫೋನ್ ಇಲ್ಲಿ ಕೆಲಸಕ್ಕೆ ಬಾರದು, ಪೆಟ್ಟಿಗೆ ಮುಳುಗಿದ ಕೂಡಲೇ ಸಿಗ್ನಲ್ ಕಡಿಯುತ್ತದೆ.

ಗ್ಲ್ಯಾಂಡ್ ಕೇಬಲ್ಲಿನ ಹೊರಮೈಯನ್ನಷ್ಟೇ ಬಿಗಿಯುತ್ತದೆ. ಹೊರಪದರ ಎಲ್ಲಾದರೂ ಸೀಳಿದ್ದರೆ ನೀರು ತಂತಿಗಳ ನಡುವೆಯೇ ಹರಿದು ಪೆಟ್ಟಿಗೆ ಸೇರುತ್ತದೆ. ಇದಕ್ಕೆ ಒಳತುದಿಯಲ್ಲಿ ಅಂಟು ಸವರಿದ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ) ಕೊಳವೆ ಹಾಕಿದ್ದೇನೆ. ವಿನೆಗರ್ ವಾಸನೆಯ ಸಿಲಿಕೋನ್ ಸೀಲಂಟ್ ಹತ್ತಿರವೂ ಸುಳಿಯಬಾರದು. ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಬೇಕಾದರೆ ಆ ಆಮ್ಲ ಬಿಡದ ನ್ಯೂಟ್ರಲ್ ಕ್ಯೂರ್ ಬಗೆಯದನ್ನು ಬಳಸಿ. ನೈಟ್ರೈಲ್ ಗ್ಯಾಸ್ಕೆಟ್‌ಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಹೆಚ್ಚು ಸವರಿದಷ್ಟೂ ಮರಳು ಅಂಟುತ್ತದೆ, ಒಂದೇ ಒಂದು ಕಣ ಸಿಕ್ಕಿಕೊಂಡರೂ ಸೋರುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಎಲ್ಲಕ್ಕಿಂತ ಹೆಚ್ಚು ಪೆಟ್ಟಿಗೆ ಹಾಳುಮಾಡುವುದು ಬಿಸಿಲು. 40 ಡಿಗ್ರಿ ಬಿಸಿಯಲ್ಲಿ ಮುಚ್ಚಿದ ಪೆಟ್ಟಿಗೆ 24 ಡಿಗ್ರಿ ನೀರಿಗೆ ಇಳಿದರೆ ಒಳಗಿನ ಗಾಳಿಯ ಒತ್ತಡ ಸುಮಾರು 5 ಶೇಕಡ ಕುಸಿಯುತ್ತದೆ. ಅಂದರೆ ಅರ್ಧ ಮೀಟರ್ ಹೆಚ್ಚು ಆಳಕ್ಕೆ ಇಳಿಸಿದಂತೆಯೇ. ಆ ಸೆಳೆತಕ್ಕೆ ನೀರು ಒಳನುಗ್ಗುತ್ತದೆ. ಆದ್ದರಿಂದ ನೆರಳಿನಲ್ಲಿ ಆರಿಸಿಯೇ ಮುಚ್ಚಬೇಕು, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ. ಪರೀಕ್ಷೆಯಲ್ಲಿ ಮಾತ್ರ ಬೇಕೆಂದೇ ಆ ಸೆಳೆತ ಬರುವಂತೆ ಮಾಡಿದೆ: ಖಾಲಿ ಪೆಟ್ಟಿಗೆಯಲ್ಲಿ ಟಿಶ್ಯೂ ಕಾಗದ ಇಟ್ಟು, ಗ್ಲ್ಯಾಂಡ್‌ಗಳಲ್ಲಿ ಕೇಬಲ್ ತುಂಡು ಬಿಗಿದು, ಬಿಸಿಲಲ್ಲಿ ಕಾಯಿಸಿ, ಕಲ್ಲು ಹೇರಿ ಡ್ರಮ್ಮಿನ ತಳದಲ್ಲಿ ಒಂದು ಗಂಟೆ ಬಿಡುವುದು. ಕಾಗದ ಗರಿಗರಿಯಾಗಿದ್ದರೆ ಮಾತ್ರ ಯಂತ್ರ ಒಳಗೆ.

ಬಟನ್‌ಗಳಿಗೆ ತೂತು ಕೊರೆಯಲಿಲ್ಲ. ದಡದಲ್ಲಿ ನಿಂತು, ಮುಚ್ಚಳ ತೆರೆದಿಟ್ಟು, ಕಾಯಿಲ್ಲನ್ನು ಮಾತ್ರ ನೀರಿನೊಳಗಿನ ಮರಳ ಮೇಲೆ ಆಡಿಸುತ್ತ ಗ್ರೌಂಡ್ ಬ್ಯಾಲೆನ್ಸ್ (ನೆಲದ ಖನಿಜಗಳ ಸದ್ದು ಕಳೆಯುವ ಹೊಂದಿಕೆ) ಮಾಡಿ, ಸುಳ್ಳು ಸದ್ದು ನಿಲ್ಲುವವರೆಗೆ ಸೆನ್ಸಿಟಿವಿಟಿ ಇಳಿಸಿ, ಆಮೇಲೆ ಮುಚ್ಚುತ್ತೇನೆ. ಸಿಹಿನೀರಿನಲ್ಲಿ ಇದು ಸಲೀಸು. ಉಪ್ಪುನೀರು ತಾನೇ ವಿದ್ಯುತ್ ಹರಿಸುವುದರಿಂದ ಒಂದೇ ಆವರ್ತನದ ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ) ಯಂತ್ರಕ್ಕೆ ಅದು ತೆಳು ಫಾಯಿಲ್‌ನಂತೆ ಕೇಳುತ್ತದೆ. ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ತಡೆಯುವ ಸೆಟ್ಟಿಂಗ್) ಏರಿಸಿ ಅದನ್ನು ಅಳಿಸಿದರೆ ತೆಳು ಚಿನ್ನದ ಸರವೂ ಅಳಿಸಿಹೋಗುತ್ತದೆ. ಸೆನ್ಸಿಟಿವಿಟಿ ಇಳಿಸುವುದೇ ಮೇಲು. ಪಲ್ಸ್ ಇಂಡಕ್ಷನ್ (ಬಿಟ್ಟುಬಿಟ್ಟು ವಿದ್ಯುತ್ ಮಿಡಿತ ಕಳಿಸುವ) ಯಂತ್ರಕ್ಕೆ ಉಪ್ಪಿನ ಕಾಟ ಕಡಿಮೆ, ಆದರೆ ಅದು ಕಬ್ಬಿಣದ ಮೊಳೆಗೂ ಕೂಗುತ್ತದೆ.

ಕಾಯಿಲ್ ಪೂರ್ತಿ ನೀರಿನೊಳಗಿರಬೇಕು, ಇಲ್ಲವೇ ಪೂರ್ತಿ ಹೊರಗೆ. ಅಲೆ ಬಡಿಯುವ ಅಂಚಿನಲ್ಲಿ ಒಳಹೊರಗೆ ಆಡಿಸಿದರೆ ಪ್ರತಿ ಸಲವೂ ಸುಳ್ಳು ಸದ್ದು. ಕಾಯಿಲ್ ತೇಲುವಂತಿದ್ದರೆ ಕೋಲಿನ ಕೆಳಕೊಳವೆಗೆ ಮರಳು ತುಂಬಿ. ಲೋಹದ ತೂಕ ಬೇಡ. ಕಾಯಿಲ್ ಬಳಿಯ ಕೇಬಲ್ಲನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಸೊಂಟದ ಕಡೆ ಮಾತ್ರ ಸಡಿಲ ಬಿಡಿ. ಮಿಲಿಟರಿ ಮದ್ದುಗುಂಡಿನಂತೆ ಕಾಣುವ ಏನೇ ಸಿಕ್ಕರೂ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.

ಮುಗಿದ ಮೇಲೆ ಪೆಟ್ಟಿಗೆ ಮುಚ್ಚಿದಂತೆಯೇ ಸಿಹಿನೀರಿನಲ್ಲಿ ತೊಳೆದು, ಸಂದುಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ತೆರೆಯುತ್ತೇನೆ. ಕಾಯಿಲ್ ಕವರನ್ನೂ ಕಳಚಿ ತೊಳೆಯಬೇಕು. ಅಲ್ಲಿ ಕೂರುವ ಕಪ್ಪು ಮರಳಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಇದ್ದು, ಮುಂದಿನ ಸಲದ ಗ್ರೌಂಡ್ ಬ್ಯಾಲೆನ್ಸ್ ತಪ್ಪುತ್ತದೆ.